ವಾಪಸ್ ಕೇಳಿದ ಗಿಣ್ಣ

ನಮ್ಮ ಎಮ್ಮೆ ಈದ ಸುದ್ದಿ ನನಗೆ ಗೊತ್ತಾದದ್ದು ಬುಕ್ಕಸಾಗರದ ಬಸ್ ಸ್ಟಾಪಿನಲ್ಲಿ. ಹೊಸಪೇಟೆಯಲ್ಲಿ ಅಮ್ಮನ ಕಣ್ಣಿನ ಆಪರೇಷನ್ ಮುಗಿಸಿಕೊಂಡು ಬೆಳಗಿನ ಕಂಪ್ಲಿ ಬಸ್ಸಿಗೆ ಬಂದು ಇಳಿದಿದ್ದೆ. ಪಕ್ಕದ ಮನೆಯ ಮೇಷ್ಟ್ರ ಹೆಂಡತಿ ಅಲ್ಲೇ ಗಾಡಿಯವನ ಹತ್ತಿರ ಕೊತ್ತಂಬರಿ ಆರಿಸುತ್ತಿದ್ದರು. ನನ್ನನ್ನು ನೋಡಿದವರೇ ಮುಖ ಅರಳಿಸಿದರು.

"ನಿಮ್ಮತ್ತಿ ಗಿಣ್ಣ ಕಳಿಸಿದ್ರು ರೀ. ಏನ್ ಗಟ್ಟಿ ಐತಿ! ಬೆಲ್ಲ ಹಾಕಿ ಕುಕ್ಕರಿಗೆ ಇಟ್ಟು ಬಂದೀನಿ."

"ಎಮ್ಮಿ ಯಾವಾಗ ಈದೈತ್ರಿ?"

"ನಸುಕಿನ್ಯಾಗ. ಹೆಣ್ಣು ಕರ. ಯಾಕ್ರಿ, ನಿಮಗ ಹೇಳಿಲ್ಲೇನು?"

ಹೇಳಿರಲಿಲ್ಲ. ಹೊಸಪೇಟೆಗೆ ಹೋಗುವ ಮುಂಚೆ ನಾನು ಅತ್ತೆಗೆ ಮತ್ತೆ ಮತ್ತೆ ಹೇಳಿದ್ದೆ: ಎಮ್ಮೆ ಈದರೆ ಮೊದಲು ಕರುವಿಗೆ ಕುಡಿಸಿ, ಆಮೇಲೆ ಉಳಿದದ್ದನ್ನು ಊರಿಗೆ ಹಂಚಿ, ನನಗೊಂದು ಫೋನ್ ಮಾಡಿ. ಅತ್ತೆ "ಹೂಂ" ಅಂದಿದ್ದರು. ನಮ್ಮತ್ತೆಯ ಹೂಂ ಎಂದರೆ ಕಿವಿಗೆ ಬಿತ್ತು ಎಂದರ್ಥವೇ ಹೊರತು ಒಪ್ಪಿಕೊಂಡೆ ಎಂದಲ್ಲ. ಮದುವೆಯಾಗಿ, ಮಗಳು ಶಾಲೆಗೆ ಹೋಗುವಷ್ಟು ವರ್ಷವಾದರೂ ನನಗೆ ಅದು ತಲೆಗೆ ಹೋಗಿರಲಿಲ್ಲ. ಚೀಲ ಹೆಗಲಿಗೆ ಏರಿಸಿಕೊಂಡು, ಸೀರೆ ಎತ್ತಿ ಹಿಡಿದು ಮನೆ ಕಡೆ ಓಡಿದೆ.

ನಾನು ಒಂದು ಗಿಣ್ಣಕ್ಕೆ ಹೀಗೇಕೆ ಓಡಿದೆ ಎಂದು ಹೇಳಬೇಕು. ಈ ಎಮ್ಮೆಯ ಹಿಂದಿನ ಎರಡು ಕರುಗಳೂ ಸತ್ತಿದ್ದವು. ಎರಡೂ ಒಂದೇ ರೀತಿ. ಹುಟ್ಟಿದಾಗ ಚೆನ್ನಾಗಿಯೇ ಇರುತ್ತಿದ್ದವು, ನಾಲ್ಕಾರು ದಿನಕ್ಕೆ ಬೆಳ್ಳಗೆ ಉಚ್ಚಿಕೊಳ್ಳಲು ಶುರು ಮಾಡುತ್ತಿದ್ದವು, ಕಣ್ಣು ಗುಳಿಬಿದ್ದು, ಕಿವಿ ತಣ್ಣಗಾಗಿ, ಕುತ್ತಿಗೆ ಎತ್ತಲಾರದೆ ಮಲಗಿಬಿಡುತ್ತಿದ್ದವು. ಎರಡನೆಯದು ನನ್ನ ತೊಡೆಯ ಮೇಲೆಯೇ ಪ್ರಾಣ ಬಿಟ್ಟಿತು. ಕರುವಿಲ್ಲದೆ ಎಮ್ಮೆ ಸರಿಯಾಗಿ ಹಾಲು ಇಳಿಸುವುದಿಲ್ಲ. ನಮ್ಮ ಎಮ್ಮೆಯದಕ್ಕೆ ಓಣಿಯವರದನ್ನೂ ಕೂಡಿಸಿ ಹಂಪಿಯ ಗೆಸ್ಟ್ ಹೌಸುಗಳಿಗೆ ಹಾಲು ಹಾಕುವುದೇ ನನ್ನ ದುಡಿಮೆ. ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುವ ನನ್ನ ಗಂಡ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ, ಮೂರನೆಯ ಕರುವೂ ಹೋದರೆ ಎಮ್ಮೆಯನ್ನು ಸಂತೆಗೆ ಹೊಡೆಯುವುದೇ ಸೈ ಅಂತ. ಅದೆಲ್ಲ ಇರಲಿ. ನಿಜ ಹೇಳಬೇಕೆಂದರೆ ಇನ್ನೊಂದು ಕರು ತೊಡೆಯ ಮೇಲೆ ಸಾಯುವುದನ್ನು ನೋಡುವ ಶಕ್ತಿ ನನಗಿರಲಿಲ್ಲ.

ಎರಡನೆಯ ಕರು ಸತ್ತ ದಿನ ಕಂಪ್ಲಿಯಿಂದ ಬಂದಿದ್ದ ದನದ ಡಾಕ್ಟ್ರಮ್ಮ ಕೈ ತೊಳೆದುಕೊಂಡು ಕಟ್ಟೆಯ ಮೇಲೆ ಕೂತು ನನಗೆಲ್ಲ ಬಿಡಿಸಿ ಹೇಳಿದ್ದರು.

"ಈ ಬ್ಯಾಕ್ಟೀರಿಯಾ ಸಗಣ್ಯಾಗ, ನೆಲದಾಗ, ಎಲ್ಲಾ ಕಡಿ ಇರತೈತಿ ಅಕ್ಕಾ. ದೊಡ್ಡ ದನಕ್ಕ ಏನೂ ಮಾಡೂದಿಲ್ಲ. ಎಳೇ ಕರುವಿನ ಕರುಳಿಗೆ ಅಂಟಿಕೊಂತು ಅಂದ್ರ ಒಂದು ವಿಷ ಬಿಡತೈತಿ. ಆ ವಿಷ ಕರುಳನ್ನ ನಲ್ಲಿ ಬಿಚ್ಚಿದಂಗ ಮಾಡಿಬಿಡತೈತಿ. ಮೈಯಾಗಿನ ನೀರೆಲ್ಲ ಹೊರಗ."

"ಮತ್ತ ಎಲ್ಲಾರ ಮನಿ ಕರ ಬದುಕತಾವಲ್ರೀ?"

"ಅವು ಗಿಣ್ಣ ಕುಡದಿರತಾವು. ಕರ ಹುಟ್ಟುವಾಗ ಅದರ ರಕ್ತದಾಗ ರೋಗದ ಜೋಡಿ ಹೊಡೆದಾಡೋ ಶಕ್ತಿ ಒಂದು ತೊಟ್ಟೂ ಇರೂದಿಲ್ಲ. ತಾಯಿ ಅದನ್ನ ಗಿಣ್ಣದಾಗ ಕೊಡತೈತಿ. ಅದೂ ಹುಟ್ಟಿದ ಕೆಲವೇ ತಾಸು. ಅಲ್ಲೀತನಕ ಕರುಳು ಆ ಶಕ್ತೀನ್ನ ರಕ್ತಕ್ಕ ಬಿಡತೈತಿ, ಆಮ್ಯಾಲ ತಾಸು ತಾಸಿಗೆ ಬಾಗಿಲಾ ಮುಚ್ಚಿಕೊಂತ ಹೋಗತೈತಿ. ಮರುದಿನ ಕೊಡಗಟ್ಟಲೆ ಕುಡಿಸಿದ್ರೂ ಹೊಟ್ಟಿಗೆ ಮಾತ್ರ, ರಕ್ತಕ್ಕಿಲ್ಲ."

ಅವತ್ತು ನಾನು ಅತ್ತೆಯ ಮುಖ ನೋಡಿದ್ದೆ. ನಮ್ಮ ಮನೆಯಲ್ಲಿ ಪದ್ಧತಿಯೇ ಬೇರೆ. ಎಮ್ಮೆ ಈದ ಕೂಡಲೇ ಕರುವನ್ನು ದೂರ ಕಟ್ಟಿ, ಮೊದಲ ಗಿಣ್ಣವನ್ನು ಪೂರ್ತಿ ಹಿಂಡಿ, ದೇವರಿಗಿಷ್ಟು ಹುತ್ತಕ್ಕಿಷ್ಟು ಎಂದು ತೆಗೆದು, ಉಳಿದದ್ದನ್ನು ಓಣಿಗೆ ಹಂಚಬೇಕು. ಹಂಚಿದಷ್ಟೂ ಹಾಲು ಹೆಚ್ಚುತ್ತದೆ ಎಂದು ನಂಬಿಕೆ. ಮಾಸು, ಅಂದರೆ ಕರುವಿನ ಹಿಂದೆ ಬರುವ ಕಸ, ಬೀಳುವ ತನಕ ಕರುವಿಗೆ ಮೊಲೆ ಬಿಡುವಂತಿಲ್ಲ, ಬಿಟ್ಟರೆ ಮಾಸು ಒಳಗೇ ನಿಲ್ಲುತ್ತದಂತೆ. ಜೊತೆಗೆ ಗಿಣ್ಣ ಕುಡಿದ ಕರುವಿಗೆ ಹೊಟ್ಟೆ ತುಂಬ ಜಂತು ಆಗುತ್ತದೆ ಎಂದು ಅತ್ತೆಯದು ಒಂದೇ ಹಟ. ಡಾಕ್ಟ್ರಮ್ಮ ಹೋದ ಮೇಲೆ ನಾನು "ಗಿಣ್ಣದಾಗ ಎಲ್ಲಿ ಜಂತು ಬರತಾವ ಅತ್ತಿ?" ಎಂದು ನಕ್ಕುಬಿಟ್ಟಿದ್ದೆ. ಆ ನಗುವನ್ನು ಅವರು ಮರೆತಿರಲಿಲ್ಲ.

ಈಗ ಕೊಟ್ಟಿಗೆಗೆ ಬಂದು ನೋಡಿದರೆ ಅತ್ತೆ ತೊಳೆದ ಪಾತ್ರೆ ಬೋರಲು ಹಾಕುತ್ತಿದ್ದರು. ಎಮ್ಮೆ ಗೋದಲಿಯಲ್ಲಿ ಬೂಸ ತಿನ್ನುತ್ತಾ ನಿಂತಿತ್ತು, ಕೆಚ್ಚಲು ಖಾಲಿಯಾಗಿ ಜೋತುಬಿದ್ದಿತ್ತು. ಕರುವನ್ನು ಆಚೆ ಮೂಲೆಯಲ್ಲಿ ಗೋಣಿತಾಟಿನ ಮೇಲೆ ಕಟ್ಟಿದ್ದರು. ಕರಿ ಮೈ, ಹಣೆಯ ಮೇಲೊಂದು ಚೂರು ಬಿಳುಪು. ನನ್ನ ಸಪ್ಪಳ ಕೇಳಿ ಎದ್ದು ನಿಲ್ಲಲು ನೋಡಿತು, ಮುಂಗಾಲು ಮಡಚಿ ಮತ್ತೆ ಕೂತಿತು.

"ಕರಕ್ಕ ಕುಡಿಸಿದ್ರಾ?"

"ಮಾಸು ಬಿದ್ದಿಲ್ಲಲ್ಲ ಇನ್ನಾ. ಹೆಂಗ ಬಿಡ್ಲಿ? ಚೂರು ಬೆಲ್ಲದ ನೀರು ಬಾಯಿಗೆ ಹಚ್ಚೀನಿ."

ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಬಾಯಿ ಮೊದಲಿನಿಂದಲೂ ಜೋರು. ಅಮ್ಮ ಮದುವೆಯ ದಿನವೂ ಅದಕ್ಕೇ ಬುದ್ಧಿ ಹೇಳಿ ಕಳಿಸಿದ್ದಳು. "ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನೋದು ಇದಕ್ಕ ನೋಡ್ರಿ. ಮಂದೀಗೆಲ್ಲ ಗಿಣ್ಣ, ಹುಟ್ಟಿದ್ದಕ್ಕ ಬೆಲ್ಲದ ನೀರು! ಎರಡು ನಿಮ್ಮ ಕೈಯಾಗ ಸತ್ತುವು. ಇದನ್ನೂ ಕೊಂದುಬಿಡ್ರಿ, ಹರಕಿ ತೀರಲಿ!"

ಅತ್ತೆ ಸುಮ್ಮನಿರುವ ಹೆಂಗಸಲ್ಲ. ಒಂದಕ್ಕೆ ನಾಲ್ಕು ಕೊಡುವವರು. ಅವತ್ತು ಮಾತ್ರ ಕೈಯಲ್ಲಿದ್ದ ಪಾತ್ರೆಯನ್ನು ನೆಲಕ್ಕಿಟ್ಟು, ಕರುವಿನ ಕಡೆ ನೋಡುತ್ತಾ ನಿಂತರು. ನನಗೆ ಆಗ ಅವರ ಮುಖ ನೋಡುವ ಪುರುಸೊತ್ತಿರಲಿಲ್ಲ. ಚೀಲ ಬಿಸಾಕಿ ಎಮ್ಮೆಯ ಕೆಳಗೆ ಕೂತು ಹಿಂಡಿದೆ. ನಾಲ್ಕು ಮೊಲೆಯಿಂದ ಸೇರಿ ಅರ್ಧ ಲೋಟವೂ ಬರಲಿಲ್ಲ. ಎಮ್ಮೆ ಒದೆಯಿತು. ಬಂದಷ್ಟನ್ನು ಕರುವಿನ ಬಾಯಿಗೆ ಬೆರಳು ಕೊಟ್ಟು ಚೀಪಿಸಿದೆ. ನಾಲಿಗೆ ತಣ್ಣಗಿತ್ತು.

ಡಾಕ್ಟ್ರಮ್ಮನಿಗೆ ಫೋನ್ ಹಚ್ಚಿದೆ. ದರೋಜಿ ಕಡೆ ಕುರಿಗಳಿಗೆ ಲಸಿಕೆ ಹಾಕಲು ಹೋಗಿದ್ದರು, ಹಿಂದೆ ಕುರಿಗಳ ಗಲಾಟೆ ಕೇಳಿಸುತ್ತಿತ್ತು.

"ಸಂಜಿ ಹಾಲಿನಾಗ ಆ ಕಸುವು ಅರ್ಧಾನೂ ಇರೂದಿಲ್ಲ ಅಕ್ಕಾ, ಅಷ್ಟೊತ್ತಿಗೆ ಹೊತ್ತೂ ಮೀರತೈತಿ. ಯಾರ್ಯಾರ ಮನಿಗೆ ಕೊಟ್ಟಾರ? ಕಾಯಿಸದ ಇರೋದು ಎಲ್ಲೆರ ಉಳಿದಿದ್ರ ತರ್ರಿ. ಎರಡು ಲೀಟರ್ ಆದ್ರೂ ಬೇಕು, ಮಧ್ಯಾಹ್ನದ ಒಳಗ."

"ಕಾಯಿಸಿದ್ದು ನಡಿಯೂದಿಲ್ಲೇನ್ರಿ?"

"ಮೊಟ್ಟಿ ಬೇಯಿಸಿದ್ರ ಮರಿ ಆಗತೈತೇನ್ರಿ? ತಿನ್ನಾಕ ರುಚಿ, ಕರಕ್ಕ ದಂಡ. ಬೆಂಕಿ ಸೋಕಿರಬಾರದು ಅಷ್ಟ."

ಕೊಟ್ಟ ಗಿಣ್ಣವನ್ನು ವಾಪಸ್ ಕೇಳುವುದು! ನಮ್ಮ ಓಣಿಯಲ್ಲಿ ಇಂಥದ್ದು ನಡೆದದ್ದನ್ನು ನಾನಂತೂ ಕೇಳಿರಲಿಲ್ಲ. ಗಿಣ್ಣ ತಂದುಕೊಟ್ಟ ಪಾತ್ರೆಯನ್ನು ಕೂಡ ಖಾಲಿ ಕಳಿಸದೆ, ಒಂದು ಚೂರು ಬೆಲ್ಲ ಹಾಕಿ ಕಳಿಸುವ ಜನ ನಾವು. ಆದರೆ ಬಿಸಿಲು ಆಗಲೇ ಕೊಟ್ಟಿಗೆಯ ಹೊಸ್ತಿಲು ದಾಟಿತ್ತು.

"ಯಾರಿಗೆ ಕೊಟ್ಟೀರಿ, ಹೇಳ್ರಿ."

"ಮೇಷ್ಟ್ರ ಮನಿಗೆ," ಅಂದರು ಅತ್ತೆ. "ಮಿಲ್ಲಿನ ಸಾವ್ಕಾರ್ರ ಮನಿಗೆ. ಹುತ್ತಕ್ಕ ಎರದೀನಿ."

"ಮತ್ತ?"

"ಆಚಿ ಮನಿಗೆ."

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಆಚೆ ಮನೆ ಎಂದರೆ ನಮ್ಮ ಹಿತ್ತಲ ಗೋಡೆಗೆ ಅಂಟಿಕೊಂಡ ಮನೆ. ಅವರ ಬಚ್ಚಲ ನೀರು ನಮ್ಮ ಬಣವೆಯ ಬುಡಕ್ಕೆ ಹರಿದು ಹುಲ್ಲು ಕೊಳೆತದ್ದಕ್ಕೆ ಶುರುವಾದ ಜಗಳ, ವರ್ಷಗಟ್ಟಲೆ ಎರಡೂ ಮನೆಗೆ ಮಾತಿಲ್ಲ ಕಥೆಯಿಲ್ಲ. ಆ ಮನೆಯಾಕೆ ಮದುವೆ ಮನೆಯಲ್ಲಿ ಎದುರಾದರೆ ಅತ್ತೆ ಕಂಬದ ಹಿಂದೆ ಹೋಗುವವರು.

"ಅವರಿಗ್ಯಾಕ ಕೊಟ್ರಿ?"

"ಹಿಂದಿನ ಎರಡು ಸಲ ಅಕಿಗೆ ಒಬ್ಬಾಕಿಗೇ ಕೊಟ್ಟಿರಲಿಲ್ಲ. ಅಕಿ ಹೊಟ್ಟಿ ಉರಿದು ಕರ ಸತ್ತುವು," ಎಂದು ಅತ್ತೆ ನೆಲ ನೋಡುತ್ತಾ ಹೇಳಿದರು. "ಈ ಸಲ ಮೊದಲ ತಂಬಿಗಿ ಅಲ್ಲಿಗೇ ಕಳಿಸೀನಿ, ತುಂಬ."

ಅಂದರೆ ಅತ್ತೆಯೂ ಆ ಕರುವನ್ನು ಉಳಿಸಲೇ ನೋಡಿದ್ದರು. ತಮಗೆ ತಿಳಿದ ದಾರಿಯಲ್ಲಿ, ತಮ್ಮ ಮಾನ ಬಿಟ್ಟು. ಅದು ನನಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ನಾನು ಡಬ್ಬಿ ತೆಗೆದುಕೊಂಡು ಹೊರಟಿದ್ದೆ.

ಮೇಷ್ಟ್ರ ಮನೆಯದು ಮುಗಿದ ಕಥೆ ಎಂದು ಗೊತ್ತಿದ್ದರೂ ಆಸೆ ಬಿಡಲಿಲ್ಲ, ಇಣುಕಿದೆ. ಕೊತ್ತಂಬರಿ ತಂದ ಆಕೆ ಆಗಷ್ಟೇ ಕುಕ್ಕರ್ ಮುಚ್ಚಳ ತೆಗೆದಿದ್ದರು. ಏಲಕ್ಕಿ ವಾಸನೆ ಓಣಿಯವರೆಗೆ ಬಂದಿತ್ತು. "ಬರ್ರಿ, ಬಿಸಿಬಿಸಿ ಒಂದು ತುಣುಕು ತಿನ್ರಿ," ಎಂದು ತಟ್ಟೆಯಲ್ಲಿ ಕತ್ತರಿಸಿ ಕೊಟ್ಟರು. ನನ್ನ ಕರುವಿನ ಜೀವ ಅಲ್ಲಿ ಚೌಕ ಚೌಕವಾಗಿ ಕೂತಿತ್ತು. ಬೇಡ ಎಂದು ಕೈಯಾಡಿಸಿ ತಿರುಗಿದೆ.

ಮಿಲ್ಲಿನ ಸಾಹುಕಾರರ ಮನೆ ಓಣಿಯ ತುದಿಯಲ್ಲಿ, ಗ್ರಾನೈಟ್ ಮೆಟ್ಟಿಲಿನ ದೊಡ್ಡ ಮನೆ. ಹೋದಾಗ ಸಾಹುಕಾರ್ತಿ ಹಜಾರದಲ್ಲಿ ದಿಂಬಿನ ಕವರು ಬದಲಿಸುತ್ತಿದ್ದರು. ಮಗಳನ್ನು ನೋಡಲು ಸಂಜೆ ಬಳ್ಳಾರಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ನಾನು ಒಂದೇ ಉಸಿರಿಗೆ ವಿಷಯ ಹೇಳಿದೆ. ಆಕೆ ಮೊದಲು ನಕ್ಕರು, ಆಮೇಲೆ ನಾನು ನಗುತ್ತಿಲ್ಲ ಎಂದು ನೋಡಿ ನಿಲ್ಲಿಸಿದರು.

"ಅದಕ್ಕ ಬೆಲ್ಲ ಕಲಸಿ ಫ್ರಿಜ್ಜಿನ್ಯಾಗ ಇಟ್ಟೀನಲ್ಲ. ಬಂದವರಿಗೆ ಬಿಸಿ ಮಾಡಿ ಕೊಟ್ರಾತು ಅಂತ."

"ಒಲಿ ಮ್ಯಾಲ ಇಟ್ಟಿಲ್ಲಲ್ರೀ?"

"ಇಲ್ಲ. ಆದ್ರ ಗಿಣ್ಣ ಐತಿ ಅಂತ ಫೋನಿನ್ಯಾಗ ಹೇಳಿಬಿಟ್ಟೀನಿ. ಈಗ ಏನ್ ಹೇಳ್ಲಿ ಅವರಿಗೆ?"

"ಬೆಕ್ಕು ಬಾಯಿ ಹಾಕ್ತು ಅನ್ರಿ."

"ನೋಡಾಕ ಬಂದೋರಿಗೆ ಬೆಕ್ಕಿನ ಕಥಿ ಹೇಳ್ಲೇನು? ಮನಿ ಹೆಂಗೈತಿ ಅಂತ ತಿಳ್ಕೊಂತಾರವ್ವ?"

ಮುಂಗೋಪಿಯಾದ ನಾನು ಅವತ್ತು ಆ ಮೆಟ್ಟಿಲ ಮೇಲೆ ಕೈಮುಗಿದು ನಿಂತೆ. ಹೊಸಪೇಟೆಯ ಅಂಗಡಿಯಿಂದ ಬೇಕಾದ ಸಿಹಿ ತರಿಸಿಕೊಡುತ್ತೇನೆ, ಮದುವೆ ಕುದುರಿದರೆ ಮನೆಗೆ ಬಂದು ಮೂರು ದಿನ ಚಾಕರಿ ಮಾಡುತ್ತೇನೆ ಎಂದೆಲ್ಲ ಬಡಬಡಿಸಿದೆ. ಆಕೆ ಒಳಗೆ ಹೋದರು. ಎಷ್ಟು ಹೊತ್ತು ಹೊರಗೆ ಬರಲಿಲ್ಲವೋ, ನನಗಂತೂ ಅರ್ಧ ದಿನವಾದಂತಾಯಿತು. ಬಂದಾಗ ಕೈಯಲ್ಲಿ ಸ್ಟೀಲಿನ ಡಬ್ಬಿ ಇತ್ತು. "ಹೆಣ್ಣು ಕರ ಅಂದ್ರಲ್ಲ," ಅಂದರು, "ನಮ್ಮ ಹುಡುಗೀದೂ ಇವತ್ತ ನಸೀಬ ನೋಡೂದೈತಿ. ಒಯ್ರಿ, ಚಲೋ ಆಗ್ಲಿ."

ರಸ್ತೆಯಲ್ಲೇ ಮತ್ತೆ ಫೋನ್ ಹಚ್ಚಿ ಬೆಲ್ಲದ ವಿಷಯ ಕೇಳಿದೆ. "ಬೆಂಕಿ ಕಂಡಿಲ್ಲಲ್ಲ? ಸೋಸಿ ಹಾಕ್ರಿ, ಏನಿಲ್ಲಕ್ಕಿಂತ ಮೇಲು," ಅಂದರು ಡಾಕ್ಟ್ರಮ್ಮ. ಡಬ್ಬಿಯಲ್ಲಿದ್ದದ್ದು ಲೀಟರಿಗೂ ಕಡಿಮೆ. ಉಳಿದದ್ದು ಆಚೆ ಮನೆ.

ಆ ಮನೆಯ ಬಾಗಿಲು ತೆರೆದೇ ಇತ್ತು. ನಾನು ಹೊಸ್ತಿಲ ಹೊರಗೆ ನಿಂತು ಕೆಮ್ಮಿದೆ. ಆಕೆ ಬಂದು ನೋಡಿ, ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ನನ್ನ ಕಣ್ಣು ಆಕೆಯ ಹಿಂದೆ ಪಡಸಾಲೆಯ ಮೂಲೆಗೆ ಹೋಯಿತು. ನಮ್ಮ ಹಿತ್ತಾಳೆ ತಂಬಿಗೆ ನೆಲದ ಮೇಲೆ, ತಟ್ಟೆ ಮುಚ್ಚಿಕೊಂಡು, ಯಾರೂ ಮುಟ್ಟದ ಹಾಗೆ ದೂರ ಕೂತಿತ್ತು.

"ಅಕ್ಕಾರ, ಗಿಣ್ಣ ಕಾಯಿಸೀರೇನು?"

"ಕಾಯಿಸೋದಿರಲಿ, ಮುಟ್ಟಿಲ್ಲ," ಅಂದರು ಆಕೆ. "ಇಷ್ಟು ವರ್ಷ ಕೊಡದಾಕಿ ಇವತ್ತ್ಯಾಕ ಕಳಿಸ್ಯಾಳ? ಏನೋ ಮಾಡಿಸಿ ಕಳಿಸಿರಬೇಕು, ಕುಡಿಬ್ಯಾಡ ಅಂದ್ರು ನಮ್ಮನಿಯವರು. ಸಂಜಿಗೆ ಕಾಲುವಿಗೆ ಚೆಲ್ಲೋರಿದ್ವಿ."

ಸಿಟ್ಟು ಬರಬೇಕಿತ್ತು. ಬದಲು ನನಗೆ ಆಕೆಯ ಅನುಮಾನವನ್ನು ತಬ್ಬಿ ಮುದ್ದಾಡಬೇಕು ಅನ್ನಿಸಿತು. ನಂಬಿದ ಮನೆಗಳಲ್ಲಿ ಒಂದು ಬೆಂದಿತ್ತು, ಒಂದು ಬೆಲ್ಲ ಕಂಡಿತ್ತು. ನಂಬದ ಮನೆಯಲ್ಲಿ ಗಿಣ್ಣ ಇದ್ದ ಹಾಗೇ ಉಳಿದಿತ್ತು. ನಾನು ಎಲ್ಲ ಹೇಳಿದೆ. ಕರು, ವಿಷ, ಹೊತ್ತು, ಎಲ್ಲ.

ಆಕೆ ಬಾಗಿಲ ಚೌಕಟ್ಟಿಗೆ ಕೈಯಿಟ್ಟು ಕೇಳಿಸಿಕೊಂಡರು. ಆಮೇಲೆ, "ಕಳಿಸಿದಾಕಿ ಬಂದು ಕೇಳಲಿ, ಕೊಡ್ತೀನಿ," ಅಂದರು.

ನಾನು ಮನೆಗೆ ನಡೆದು ಬಂದೆ. ಅತ್ತೆ ಹೋಗುವುದಿಲ್ಲ ಎಂದು ನನಗೆ ನೂರಕ್ಕೆ ನೂರು ಗೊತ್ತಿತ್ತು. ಮಾನದ ಮಾತು ಒಂದು ಕಡೆ. ಅವರ ಲೆಕ್ಕದಲ್ಲಿ ಆ ಹೆಂಗಸಿಗೆ ಕೊಟ್ಟದ್ದನ್ನು ಕಿತ್ತುಕೊಂಡರೆ ಹೊಟ್ಟೆ ಉರಿ ಇಮ್ಮಡಿಯಾಗುತ್ತದೆ, ಕರು ಸಾಯುವುದು ಖಾತ್ರಿ. ನನ್ನ ಲೆಕ್ಕದಲ್ಲಿ ತರದಿದ್ದರೆ ಸಾಯುವುದು ಖಾತ್ರಿ.

ಹೇಳಿದೆ. ಅತ್ತೆ ಕರುವಿನ ಪಕ್ಕದಲ್ಲೇ ಕೂತಿದ್ದರು, ಗೋಣಿಯಿಂದ ಅದರ ಬೆನ್ನು ತಿಕ್ಕುತ್ತಿದ್ದರು. ಎದ್ದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹಿತ್ತಲ ಬಾಗಿಲಿಂದ ಹೊರಟರು. ನಾನು ಗೋಡೆಯ ಈಚೆ ನಿಂತು ಕಿವಿಗೊಟ್ಟೆ.

"ಕರಕ್ಕ ಬೇಕಾಗೈತಿ," ಎಂದು ಅತ್ತೆಯ ದನಿ. "ಕೊಟ್ಟದ್ದು ಕೇಳಬಾರದು. ಕೇಳಾಕ ಬಂದೀನಿ."

ಆಚೆ ತಂಬಿಗೆ ಎತ್ತಿದ ಸದ್ದು. ಆಮೇಲೆ ಆಕೆಯ ದನಿ: "ಒಯ್ಯವ್ವ. ಕರಕ್ಕ ಕುಡಿಸು. ನನ್ನ ಹೊಟ್ಟಿ ಏನೂ ಉರಿಯೂದಿಲ್ಲ."

ತಂಬಿಗೆಯನ್ನು ಅತ್ತೆ ಎರಡೂ ಕೈಯಲ್ಲಿ ಹಿಡಿದು ತಂದರು. ಅದನ್ನು ಬಾಟಲಿಗೆ ಹಾಕಿ, ಬಿಸಿನೀರಿನ ಬಕೆಟ್ಟಿನಲ್ಲಿ ಬರೀ ಬೆಚ್ಚಗೆ ಮಾಡಿದೆ. ಕರು ಚೀಪಲು ಒಲ್ಲದು. ಜೋರು ಮಾಡಿ ಹೊಯ್ದರೆ ಶ್ವಾಸಕೋಶಕ್ಕೆ ಹೋಗಿ ಅದೇ ಮೃತ್ಯುವಾಗುತ್ತದೆ. ಅತ್ತೆ ಅದರ ಗದ್ದ ಹಿಡಿದರು, ನಾನು ಬೆರಳು ಕೊಟ್ಟೆ. ಚೂರು ಚೂರು, ತಡೆದು ತಡೆದು. ಒಂದು ಸಲ ಕೆಮ್ಮಿತು, ಇಬ್ಬರ ಜೀವವೂ ಬಾಯಿಗೆ ಬಂತು. ಆಮೇಲೆ ಇದ್ದಕ್ಕಿದ್ದಂತೆ ನಾಲಿಗೆ ಬೆರಳನ್ನು ಸುತ್ತಿ ಎಳೆಯಿತು, ಬಾಲ ಅಲ್ಲಾಡಿತು. ಎರಡು ಪಾತ್ರೆಯದೂ ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಸಂಜೆ ಮಾಸೂ ಬಿತ್ತು, ತಾನಾಗಿಯೇ.

ಕುಡಿಸಿದ್ದೇನೋ ಆಯಿತು, ಹೊತ್ತಿಗೆ ಸರಿಯಾಗಿ ಕುಡಿಸಿದೆವೋ ಇಲ್ಲವೋ ಹೇಳುವವರು ಯಾರು? ಆ ವಾರವಿಡೀ ನಾನು ಎದ್ದ ಕೂಡಲೇ ಮುಖ ತೊಳೆಯುವ ಮುಂಚೆ ಕರುವಿನ ಬಾಲ ಎತ್ತಿ ನೋಡುತ್ತಿದ್ದೆ. ಹಂಪಿಗೆ ಹಾಲು ಹಾಕಲು ಹೋದಾಗಲೂ ಮನಸ್ಸೆಲ್ಲ ಕೊಟ್ಟಿಗೆಯಲ್ಲಿ. ಒಂದು ಬೆಳಿಗ್ಗೆ ನಾನು ಹೆದರಿದ್ದೇ ಆಯಿತು. ಗೋಣಿಯ ಮೇಲೆ ಬೆಳ್ಳಗೆ, ತೆಳ್ಳಗೆ. ಅತ್ತೆ ನನಗಿಂತ ಮೊದಲೇ ನೋಡಿದ್ದರು. ಇಬ್ಬರೂ ಪರಸ್ಪರ ಮುಖ ನೋಡಲಿಲ್ಲ.

ಡಾಕ್ಟ್ರಮ್ಮ ಕಂಪ್ಲಿಯಿಂದ ಸ್ಕೂಟಿಯಲ್ಲಿ ಬಂದರು. ಕರುವಿನ ಕುತ್ತಿಗೆಯ ಚರ್ಮ ಚಿವುಟಿ ಬಿಟ್ಟು ನೋಡಿದರು, ಕಣ್ಣು ನೋಡಿದರು, ಬಾಯಿಗೆ ಬೆರಳಿಟ್ಟರು. ಕರು ಆ ಬೆರಳನ್ನೇ ಜೋರಾಗಿ ಚೀಪಿತು.

"ಒಳಗ ಹೊಡೆದಾಟ ನಡದೈತಿ," ಅಂದರು. "ಗಿಣ್ಣ ಹೋಗಿರದಿದ್ರ ಇಷ್ಟೊತ್ತಿಗೆ ಮಲಗಿಬಿಡ್ತಿತ್ತು. ಹಾಲು ನಿಲ್ಲಿಸಬ್ಯಾಡ್ರಿ. ಈ ಪುಡಿ ನೀರಿಗೆ ಹಾಕಿ ಮ್ಯಾಲ ಮ್ಯಾಲ ಕುಡಿಸ್ರಿ."

ಅವತ್ತು ಮತ್ತು ಮಾರನೆಯ ದಿನ ಅತ್ತೆ ಕೊಟ್ಟಿಗೆ ಬಿಟ್ಟು ಕದಲಲಿಲ್ಲ. ನಾನು ಹಾಲು ಹಾಕಿ ಬಂದರೆ ಅವರು, ಅವರು ಉಣ್ಣಲು ಎದ್ದರೆ ನಾನು. ಸಂಡೂರಿನಿಂದ ಗಂಡ ಫೋನ್ ಮಾಡಿ ಕೇಳಿದರೆ ಏನು ಹೇಳಲೂ ಧೈರ್ಯವಿಲ್ಲ. ಆಮೇಲೆ ಸಗಣಿ ಗಟ್ಟಿಯಾಯಿತು. ಕರು ಹಗ್ಗ ಜಗ್ಗಿ, ಬಕೆಟ್ಟು ಉರುಳಿಸಿ, ನನ್ನ ಸೀರೆಯ ಅಂಚು ಅಗಿಯತೊಡಗಿತು. ನಾನು ಎಮ್ಮೆಯ ಕುತ್ತಿಗೆ ತಬ್ಬಿಕೊಂಡು ಅತ್ತುಬಿಟ್ಟೆ, ಯಾರೂ ನೋಡದಿರಲಿ ಎಂದು ಗೋಡೆ ಕಡೆ ತಿರುಗಿ.

ಎರಡನೆಯ ವಾರದಲ್ಲಿ ಡಾಕ್ಟ್ರಮ್ಮ ಹೇಳಿದಂತೆ ಜಂತಿನ ಔಷಧ ಹಾಕಿದೆವು. ಮರುದಿನ ಅತ್ತೆ ಕೊಟ್ಟಿಗೆಯಿಂದ ಕೂಗಿದ ಕೂಗಿಗೆ ನಾನು ಒಲೆ ಬಿಟ್ಟು ಓಡಿ ಬಂದೆ. ಸಗಣಿಯ ತುಂಬ ಶಾವಿಗೆಯಂತೆ ಬಿಳಿ ಜಂತು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಗಿಣ್ಣದಾಗ ಜಂತು ಬರತಾವ ಅಂದ್ರ ನಕ್ಕಿದ್ದಿ. ನಗು ಈಗ."

ನಾನು ಸೋಲೊಪ್ಪದೆ ಡಾಕ್ಟ್ರಮ್ಮನನ್ನೇ ಕೇಳಿದೆ. ಅವರು ಫೋನಿನಲ್ಲಿ ನಕ್ಕರು. "ನಿಮ್ಮತ್ತಿ ಹೇಳಿದ್ದು ಖರೇನ. ಎಮ್ಮಿ ಮೈಯಾಗ ಮಲಗಿದ್ದ ಜಂತಿನ ಮರಿ, ಈದ ಮ್ಯಾಲ ಹಾಲಿನಾಗ ಇಳಿದು ಕರಕ್ಕ ಬರತಾವು. ಕಾಯೋದೂ ಅದ ಹಾಲು, ಕಾಡೋದೂ ಅದ ಹಾಲು. ಅದಕ್ಕ ಹಾಲು ಕುಡಿಸಬೇಕು, ಔಷಧ ಹಾಕಬೇಕು." ಇದನ್ನು ಅತ್ತೆಗೆ ತಿಳಿಸದೆ ನನಗೆ ಬೇರೆ ದಾರಿಯಿರಲಿಲ್ಲ. ಅವರು ಅವತ್ತು ಗೋಡೆಯಾಚೆ ಆಚೆ ಮನೆಯಾಕೆಗೂ ಕೂಗಿ ಹೇಳಿದರು. ಎರಡು ಮನೆಗೂ ಮಾತು ಶುರುವಾದದ್ದು ಜಂತಿನ ದೆಸೆಯಿಂದ.

ಅದಾದ ಮೇಲೆ ಒಂದು ಮಧ್ಯಾಹ್ನ ನಾನು ಮೇವು ಕತ್ತರಿಸುತ್ತಿದ್ದೆ. ಅತ್ತೆ ಕರುವಿನ ಮೈಯಿಂದ ಉಣ್ಣೆಹುಳ ಆರಿಸುತ್ತಿದ್ದರು. ತಲೆಯೆತ್ತದೆ ಕೇಳಿದರು.

"ಮನುಷ್ಯಾರಿಗೂ ಹಂಗ ಏನು?"

"ಏನು ಅತ್ತಿ?"

"ಮೊದಲ ಹಾಲು."

ಕುಡುಗೋಲು ನನ್ನ ಕೈಯಲ್ಲೇ ನಿಂತಿತು. ನನ್ನ ಗಂಡನಿಗಿಂತ ಮೊದಲು ಒಂದು ಹೆಣ್ಣು ಕೂಸು ಹುಟ್ಟಿ ಹೋಗಿತ್ತು ಎಂದು ಯಾರೋ ಸಂಬಂಧಿಕರು ಒಮ್ಮೆ ಹೇಳಿದ್ದರು. ಅತ್ತೆಯ ಬಾಯಿಂದ ಆ ಮಾತು ಎಂದೂ ಬಂದಿರಲಿಲ್ಲ.

"ಹಳದಿ ಹಾಲು ಕೂಸಿಗೆ ಆಗೂದಿಲ್ಲ ಅಂದ್ರು," ಅಂದರು ಅತ್ತೆ. "ಹಿಂಡಿ ಹಿಂಡಿ ಚೆಲ್ಲಿದೆ. ಆಡಿನ ಹಾಲು ಹಾಕಿದ್ವಿ, ಬತ್ತಿ ಅದ್ದಿ. ಆಮ್ಯಾಲ ಭೇದಿ ಹತ್ತಿತು. ಇದರಂಗ, ಬೆಳ್ಳಗ." ಕರುವಿನ ಕಿವಿಯ ಹಿಂದೆ ಬೆರಳಾಡಿಸುತ್ತಾ ಹೇಳಿದರು, "ಎರಡು ನನ್ನ ಕೈಯಾಗ ಸತ್ತುವು ಅಂದಿ ನೀ. ಅದನ್ನ ಸೇರಿಸಿದ್ರ ಮೂರು ಆಗತಾವೇನು, ಡಾಕ್ಟ್ರಮ್ಮನ್ನ ಕೇಳು. ಫೋನ್ ಹಚ್ಚು. ನನಗೂ ಕೇಳಂಗ ಇಡು."

"ಅತ್ತಿ, ಆಮ್ಯಾಲ—"

"ಈಗ ಹಚ್ಚು."

ಹಚ್ಚಿದೆ. ಸ್ಪೀಕರ್ ಹಾಕಿದೆ. ಫೋನಿನಲ್ಲಿ ಡಾಕ್ಟ್ರಮ್ಮನಿಗೆ ಸನ್ನೆ ಮಾಡುವಂತಿಲ್ಲ, ಎದುರಿಗೆ ಕೂತಿದ್ದರೆ ಕಣ್ಣಲ್ಲೇ ಬೇಡುತ್ತಿದ್ದೆ. ಪ್ರಶ್ನೆಯನ್ನು ಎಷ್ಟು ಹಗುರ ಮಾಡಿ ಕೇಳಬಹುದೋ ಅಷ್ಟು ಹಗುರ ಮಾಡಿ ಕೇಳಿದೆ.

"ಮನುಷ್ಯಾರದು ಬ್ಯಾರೆ ಅಕ್ಕಾ," ಎಂದಿತು ಫೋನು. "ಕೂಸು ತಾಯಿ ಹೊಟ್ಟ್ಯಾಗ ಇದ್ದಾಗನ ತಾಯಿ ರಕ್ತದಾಗಿಂದ ಆ ಶಕ್ತಿ ಬಂದಿರತೈತಿ. ಎಮ್ಮಿ ಕರದಂಗ ಬರಿಗೈಲೆ ಹುಟ್ಟೂದಿಲ್ಲ."

ಅತ್ತೆ ಕಣ್ಣು ಮುಚ್ಚಿದರು. ಅವರ ಹೆಗಲು ಇಳಿದದ್ದು ನನಗೆ ಕಾಣಿಸಿತು.

"ಆದ್ರ—" ಎಂದರು ಡಾಕ್ಟ್ರಮ್ಮ.

ನಾನು ಫೋನು ಕಟ್ ಮಾಡಿದೆ.

"ಆದ್ರ ಅಂದ್ಲಲ್ಲ?" ಅಂದರು ಅತ್ತೆ.

"ನೆಟ್‌ವರ್ಕ್ ಹೋತು ಅತ್ತಿ."

ಅಷ್ಟರಲ್ಲಿ ಫೋನು ನನ್ನ ಕೈಯಲ್ಲಿ ರಿಂಗಾಗತೊಡಗಿತು. ಅವರದೇ. ಇಬ್ಬರೂ ಅದನ್ನೇ ನೋಡುತ್ತಾ ಕೂತೆವು.

"ಎತ್ತಬ್ಯಾಡ," ಅಂದರು ಅತ್ತೆ.

ಅದು ರಿಂಗಾಗಿ ರಿಂಗಾಗಿ ನಿಂತಿತು. ಅತ್ತೆ ಒಂದು ಉಣ್ಣೆ ಕಿತ್ತು ಕಲ್ಲಿನ ಮೇಲಿಟ್ಟು ಉಗುರಿನಿಂದ ಹೊಸಕಿದರು. ನನ್ನ ಮಗಳು ಹುಟ್ಟಿದಾಗ ಹೊಸಪೇಟೆಯ ಆಸ್ಪತ್ರೆಯಲ್ಲಿ ನನ್ನ ಮಂಚದ ಪಕ್ಕ ಕೂತಿದ್ದವರು ಅವರೇ.

"ನಿನ್ನ ಮಗಳಿಗೂ ಕೊಡಬ್ಯಾಡ, ಹಿಂಡಿ ಚೆಲ್ಲು ಅಂದಿದ್ದೆ ನಾ," ಅಂದರು. "ಚೆಲ್ಲಿದ್ದೇನು?"

"ಇಲ್ಲ ಅತ್ತಿ. ನೀವು ಚಾ ಕುಡಿಯಾಕ ಹೋದಾಗ ಕುಡಿಸಿದೆ."

"ಚಲೋ ಮಾಡಿದಿ," ಅಂದರು ಅತ್ತೆ, ಮತ್ತೆ ಕರುವಿನ ಕಿವಿ ಮಡಚಿ ಹುಡುಕತೊಡಗಿದರು.